ಕಿರಿಸೊಸೆ ಮತ್ತು ಅಂಚೆಚೀಟಿ

ಒಂದು ನಾಡು ತನ್ನ ಬಗ್ಗೆ ಹೊರಗಿನವರಿಗೆ ಏನು ಹೇಳಿಕೊಳ್ಳಲು ಇಷ್ಟಪಡುತ್ತದೆ ಎಂಬುದನ್ನು ತಿಳಿಯಬೇಕಾದರೆ ಅದರ ಅಂಚೆಚೀಟಿಗಳನ್ನು ನೋಡಬೇಕು. ನಮ್ಮ ಅಂಚೆ ಇಲಾಖೆ 1967ರಲ್ಲಿ ಬಸವಣ್ಣನವರನ್ನೂ 1977ರಲ್ಲಿ ಕಿತ್ತೂರು ಚೆನ್ನಮ್ಮನನ್ನೂ ಚೀಟಿಯ ಮೇಲೆ ತಂದಿತು. 2001ರಲ್ಲಿ ಪಂಚತಂತ್ರದ ಕೋತಿ, ಮೊಸಳೆಗಳೂ ಬಂದವು. ಯುರೋಪಿನವರೂ ಇದಕ್ಕೆ ಹೊರತಲ್ಲ. ಗ್ರೀಸ್ ದೇಶ 1970ರಲ್ಲಿ ಹರ್ಕ್ಯುಲಿಸನ ಸಾಹಸಗಳನ್ನು ಚೀಟಿಗಳಲ್ಲಿ ಅಚ್ಚು ಹಾಕಿತು. 1956ರಲ್ಲಿ ಆರು ದೇಶಗಳು ಸೇರಿ ಆರಂಭಿಸಿದ ‘ಯೂರೋಪಾ’ ಎಂಬ ಚೀಟಿಗಳ ಸಾಲಿನಲ್ಲಿ 1997ರ ವಿಷಯ ಕಥೆ ಮತ್ತು ದಂತಕಥೆ. 2022ರಲ್ಲಿ ಮತ್ತೆ ಕಥೆ ಮತ್ತು ಪುರಾಣ. ಕಥೆಗಳಿಲ್ಲದೆ ಯಾವ ನಾಡೂ ಬದುಕಲಾರದು ಎಂದಾಯಿತು.

ರಾಮನಗರದ ನಮ್ಮ ಶಾಲೆಯ ಏಳನೇ ತರಗತಿಯ ಹುಡುಗಿಯೊಬ್ಬಳು ತನ್ನ ಸೋದರಮಾವ ಕೊಟ್ಟ ಹಳೆಯ ಆಲ್ಬಂ ತಂದಿದ್ದಳು. ಅದರಲ್ಲಿ ಬ್ರಿಟನ್ನಿನ 1984ರ ಚೀಟಿಯೊಂದಿತ್ತು. ಗೂಳಿ, ಅದರೊಡನೆ ಒಬ್ಬ ಹೆಣ್ಣು. ಯುರೋಪಿನ ಪಾರ್ಲಿಮೆಂಟಿಗೆ ಚುನಾವಣೆ ನಡೆದ ವರ್ಷ ಅದು. ಆ ನೆನಪಿಗೆ ಹೊರಡಿಸಿದ್ದು. ನಾನು ಕಥೆ ಹೇಳಿದೆ. ಯೂರೋಪಾ ಎಂಬ ರಾಜಕುಮಾರಿ ಸಮುದ್ರತೀರದಲ್ಲಿ ಹೂ ಕೊಯ್ಯುತ್ತಿದ್ದಳು. ಗ್ರೀಕರ ದೇವರಾಜ ಜ್ಯೂಸ್ ಬಿಳಿಯ ಗೂಳಿಯಾಗಿ ಬಂದು, ಬೆನ್ನ ಮೇಲೆ ಕೂತ ಅವಳನ್ನು ಹೊತ್ತು ಕ್ರೀಟ್ ದ್ವೀಪಕ್ಕೆ ಈಜಿಬಿಟ್ಟ. ಅವಳ ಹೆಸರೇ ಒಂದು ಖಂಡಕ್ಕೆ ಬಂತು. ಹುಡುಗಿ ಕೇಳಿದಳು: “ಮಿಸ್, ಬರ್ತೀಯಾ ಅಂತ ಅವಳನ್ನ ಕೇಳಿದ್ನಾ?”

ಇಲ್ಲ, ಕೇಳಲಿಲ್ಲ. ಗ್ರೀಸಿನ ಎರಡು ಯೂರೋ ನಾಣ್ಯದ ಮೇಲೂ ಅದೇ ಚಿತ್ರವಿದೆ. ಹೆಸರು ಖಂಡದಷ್ಟಾಯಿತು, ಚಿತ್ರ ಜೇಬುಜೇಬಿಗೆ ತಲುಪಿತು. ಆ ಒಂದು ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

ದೂರದವರ ಕಥೆಗೆ ಮೂಗು ಮುರಿಯುವ ಮೊದಲು ನಮ್ಮ ಹಿತ್ತಲನ್ನೂ ನೋಡಿಕೊಳ್ಳಬೇಕಲ್ಲ. ನಮ್ಮ ಸೀಮೆಯಲ್ಲಿ ಕಲ್ಲಿಗೊಂದು ಕಥೆ. ರಾಮದೇವರ ಬೆಟ್ಟಕ್ಕೆ ಕಾಕಾಸುರನ ಕಥೆ, ಕನಕಪುರದಾಚೆಯ ಮೇಕೆದಾಟಿಗೆ ಕಾವೇರಿಯನ್ನೇ ಹಾರಿದ ಮೇಕೆಯ ಕಥೆ. ಇವು ಮಕ್ಕಳಿಗೆ ಖುಷಿ ಕೊಡುವಂಥವು. ಆದರೆ ಮಾಗಡಿ ಕೆಂಪೇಗೌಡರ ಮನೆಯ ಕಥೆ ಹಾಗಲ್ಲ. 1537ರಲ್ಲಿ ಬೆಂಗಳೂರು ಕೋಟೆ ಕಟ್ಟುವಾಗ ಒಂದು ಹೆಬ್ಬಾಗಿಲು ನಿಲ್ಲದೆ ಕುಸಿಯುತ್ತಿತ್ತಂತೆ. ಗರ್ಭಿಣಿಯ ಬಲಿ ಬೇಕು ಎಂದರಂತೆ. ತುಂಬಿದ ಬಸುರಿ ಸೊಸೆ ಲಕ್ಷ್ಮಮ್ಮ ರಾತ್ರಿ ಒಬ್ಬಳೇ ಹೋಗಿ ತನ್ನನ್ನು ತಾನೇ ಬಲಿಕೊಟ್ಟುಕೊಂಡಳಂತೆ. ಬಾಗಿಲು ನಿಂತಿತು. ಕೋರಮಂಗಲದಲ್ಲಿ ಅವಳ ಸಮಾಧಿಯೆಂದು ತೋರಿಸುವ ಜಾಗವಿದೆ. ಕೆಂಪೇಗೌಡರಿಗೆ 2022ರಲ್ಲಿ ವಿಮಾನ ನಿಲ್ದಾಣದಲ್ಲಿ 108 ಅಡಿಯ ಪ್ರತಿಮೆಯಾಯಿತು.

ಇಂಥದೇ ಕಥೆ ಯುರೋಪಿನಲ್ಲೂ ಇದೆ. ಅಲ್ಬೇನಿಯಾದ ಶ್ಕೋದರ್ ಊರಿನ ರೋಜಾಫಾ ಕೋಟೆಯನ್ನು ಮೂವರು ಅಣ್ಣತಮ್ಮಂದಿರು ಕಟ್ಟುತ್ತಿದ್ದರು. ಹಗಲು ಕಟ್ಟಿದ್ದು ರಾತ್ರಿ ಬೀಳುತ್ತಿತ್ತು. ನಾಳೆ ಬುತ್ತಿ ತರುವ ಸೊಸೆಯನ್ನು ಗೋಡೆಯಲ್ಲಿಡಬೇಕು, ಹೆಂಡತಿಯರಿಗೆ ಯಾರೂ ಹೇಳಬಾರದು ಎಂದು ಮಾತಾಯಿತು. ಹಿರಿಯರಿಬ್ಬರೂ ಮಾತು ತಪ್ಪಿ ಹೆಂಡತಿಯರಿಗೆ ಹೇಳಿಬಿಟ್ಟರು. ಕಿರಿಯವನು ಮಾತಿಗೆ ನಿಂತ, ಅವನ ಹೆಂಡತಿ ಬುತ್ತಿ ಹೊತ್ತು ಬಂದಳು. ಅವಳು ಬೇಡಿದ್ದಿಷ್ಟೇ: ಒಂದು ಕಣ್ಣು, ಒಂದು ಕೈ, ಒಂದು ಕಾಲು, ಒಂದು ಮೊಲೆಯ ಭಾಗ ಮುಚ್ಚಬೇಡಿ, ನನ್ನ ಕೂಸನ್ನು ನೋಡಿ, ತೂಗಿ, ಹಾಲೂಡಿಸುತ್ತೇನೆ. ನಮ್ಮ ‘ಕೆರೆಗೆ ಹಾರ’ದ ಭಾಗೀರಥಿಯೂ ಕಿರಿಸೊಸೆಯೇ. ಎಲ್ಲಿಯ ಅಲ್ಬೇನಿಯಾ, ಎಲ್ಲಿಯ ಕಲ್ಲನಕೇರಿ! ಕೆರೆಗೂ ಕೋಟೆಗೂ ಬೇಕಾದವಳು ಮನೆಯ ಮಗಳಲ್ಲ, ಮಗನಲ್ಲ. ಹೊರಗಿನಿಂದ ಬಂದವಳು, ಅದರಲ್ಲೂ ಚಿಕ್ಕವಳು.

ಚನ್ನಪಟ್ಟಣದಲ್ಲಿ ನನ್ನ ದೊಡ್ಡಪ್ಪನ ಮಗಳು ಒಬ್ಬಳಿದ್ದಾಳೆ. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್. ದೊಡ್ಡಪ್ಪ ತೀರಿಕೊಂಡ ಮೇಲೆ ಓದು ಬಿಟ್ಟು, ಹಾಲೆಮರದ ಬೊಂಬೆಗಳಿಗೆ ಅರಗಿನ ಬಣ್ಣ ಹಾಕುವ ಕೆಲಸಕ್ಕೆ ಸೇರಿ, ಇಬ್ಬರು ತಮ್ಮಂದಿರನ್ನು ಇಂಜಿನಿಯರ್ ಮಾಡಿದಳು. ಮದುವೆಯಾಗಲಿಲ್ಲ. ತಮ್ಮನ ಗೃಹಪ್ರವೇಶದ ದಿನ ಅವಳಿಗೆ ಶಾಲು ಹೊದಿಸಿ, ಹಣ್ಣಿನ ತಟ್ಟೆ ಕೊಟ್ಟು, ‘ತ್ಯಾಗಮಯಿ’ ಎಂದು ಹೊಗಳಿದರು. ಸಂಜೆ ಶಾಲು ಮಡಿಸುತ್ತಾ ನನಗೆ ಹೇಳಿದಳು: “ಶಾಲು ಚೆನ್ನಾಗಿದೆ ಕಣೆ. ನಿಂಗೆ ಓದೋ ಆಸೆ ಇದೆಯಾ ಅಂತ ಆವತ್ತು ಒಬ್ಬರಾದ್ರೂ ಕೇಳಿದ್ರೆ ಇನ್ನೂ ಚೆನ್ನಾಗಿರ್ತಿತ್ತು.”

ಹಾಗಾದರೆ ಗೌರವಿಸುವುದೇ ತಪ್ಪೇ? ಹಿರಿಯ ಸಹೋದ್ಯೋಗಿಯೊಬ್ಬರು ನನ್ನೊಡನೆ ವಾದಿಸಿದರು: “ಗುಡಿ, ಹಾಡು, ಚೀಟಿ ಇಲ್ಲದಿದ್ದರೆ ಆ ಹೆಣ್ಣುಗಳ ಹೆಸರೂ ಉಳಿಯುತ್ತಿರಲಿಲ್ಲ. ಅದೂ ಅಲ್ಲದೆ ಲಕ್ಷ್ಮಮ್ಮನನ್ನು ಯಾರೂ ಬಲವಂತ ಮಾಡಲಿಲ್ಲ, ತಾನೇ ಹೋದಳು.” ಅವರ ಮಾತಿನಲ್ಲಿ ಸತ್ಯವಿದೆ. ಲಕ್ಷ್ಮಮ್ಮ ಬರೀ ಪಾಪದವಳು ಎಂದುಬಿಟ್ಟರೆ ಅವಳ ಧೈರ್ಯಕ್ಕೆ ಅವಮಾನ. ನನ್ನ ಅಕ್ಕನಿಗೂ ಕನಿಕರ ಬೇಕಾಗಿಲ್ಲ. ತಮ್ಮಂದಿರ ಮೇಲಿನ ಅವಳ ಪ್ರೀತಿ ನಿಜವಾದದ್ದು.

ಆದರೂ ಒಂದು ಮಾತು. ‘ಆಗುವುದಿಲ್ಲ’ ಎನ್ನಲು ಜಾಗವೇ ಇಲ್ಲದ ಕಡೆ ‘ಆಗಲಿ’ ಎಂದದ್ದನ್ನು ಪೂರ್ತಿ ಒಪ್ಪಿಗೆ ಎನ್ನಬಹುದೇ? ಲಕ್ಷ್ಮಮ್ಮ ‘ಒಲ್ಲೆ’ ಎಂದಿದ್ದರೆ ಅವಳಿಗೆ ಹಾಡಿತ್ತೇ, ಗುಡಿಯಿತ್ತೇ? ಕೊಟ್ಟವಳನ್ನು ಹೊಗಳಬೇಕು, ನಿಜ. ಆದರೆ ಕೇಳಿದವರನ್ನೂ, ಕೇಳದೆ ಪಡೆದವರನ್ನೂ, ನೋಡುತ್ತ ಸುಮ್ಮನಿದ್ದವರನ್ನೂ ಆ ಹೊಗಳಿಕೆ ಮರೆಮಾಡಬಾರದು. ಚೀಟಿಯ ಪುಟ್ಟ ಚೌಕದಲ್ಲಿ ಒಬ್ಬಳಿಗೇ ಜಾಗವಿರಬಹುದು. ಕಥೆ ಹೇಳುವ ನಮ್ಮ ಬಾಯಿಗೆ ಅಂಥ ಇಕ್ಕಟ್ಟಿಲ್ಲ. ತರಗತಿಯಲ್ಲಿ ಈ ಕಥೆ ಬಂದಾಗ ನಾನು ಜೋಯಿಸರ ಮಾತನ್ನೂ ಗಂಡನ ಮೌನವನ್ನೂ ಸೇರಿಸಿಯೇ ಹೇಳುತ್ತೇನೆ.

ಮನೆಯಲ್ಲಿ ಯಾರನ್ನಾದರೂ ತ್ಯಾಗಮಯಿ ಎನ್ನುವ ಕಾಲ ಬರುವ ಮೊದಲೇ ನಾವು ಹೆಂಗಸರು ಒಬ್ಬರಿಗೊಬ್ಬರು ಕೇಳೋಣ: “ನಿನಗೆ ಒಪ್ಪಿಗೆಯೇನಮ್ಮ?” ಅವಳು ಇಲ್ಲವೆಂದರೆ ಬೇರೆ ದಾರಿ ಹುಡುಕೋಣ. ಬಾಗಿಲು ಕುಸಿದರೆ ಮೊದಲು ನೋಡಬೇಕಾದ್ದು ಬುನಾದಿಯನ್ನು, ಸೊಸೆಯ ಮುಖವನ್ನಲ್ಲ.