ಬೇಡವೆಂದವನಿಗೂ ಸಲ್ಲುವ ಸೇವೆ

ಬಿಳಿ ಅಂಗಿ, ಟೈ, ಎದೆಯ ಮೇಲೊಂದು ಕಪ್ಪು ಹೆಸರುಪಟ್ಟಿ, ಪಕ್ಕದಲ್ಲಿ ತನ್ನದೇ ವಯಸ್ಸಿನ ಇನ್ನೊಬ್ಬ. ಮನಿಲಾ, ಅಕ್ರಾ, ಸಾವೊ ಪಾಲೊ, ಎಲ್ಲೇ ಆಗಲಿ, ಲ್ಯಾಟರ್ ಡೇ ಸೇಂಟ್ಸ್ ಸಭೆಯ ಮಿಷನರಿ ಹುಡುಗರನ್ನು ಜನ ಗುರುತಿಸುವುದು ಹೀಗೆ. ಮಾರ್ಮನ್ನರು ಎಂಬ ಹೆಸರಿನಲ್ಲೇ ಹೆಚ್ಚು ಪರಿಚಿತವಾದ ಈ ಸಭೆ 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿ ಯೂಟಾದಲ್ಲಿ ನೆಲೆಯೂರಿತು. 1993ರಲ್ಲಿ ಬೆಂಗಳೂರನ್ನು ಕೇಂದ್ರ ಮಾಡಿಕೊಂಡು ಭಾರತದಲ್ಲೂ ಒಂದು ಮಿಷನ್ ತೆರೆಯಿತು. ದೇಶದ ತನ್ನ ಮೊದಲ ದೇಗುಲವನ್ನು ಬೆಂಗಳೂರಿನಲ್ಲೇ ಕಟ್ಟುವುದಾಗಿ 2018ರಲ್ಲಿ ಘೋಷಿಸಿತು. ಹದಿನೆಂಟು ತುಂಬಿದ ಹುಡುಗ ಮಿಷನರಿಯಾಗಿ ಎರಡು ವರ್ಷಕ್ಕೆ ಮನೆ ಬಿಟ್ಟು ಹೊರಡುತ್ತಾನೆ. ಹುಡುಗಿಯರಿಗೆ ಒಂದೂವರೆ ವರ್ಷ. ಎಲ್ಲಿಗೆ ಎಂಬುದನ್ನು ಅವರು ಆರಿಸಿಕೊಳ್ಳುವಂತಿಲ್ಲ, ಸಭೆ ಕಳಿಸಿದಲ್ಲಿಗೆ ಹೋಗಬೇಕು. ಸಂಬಳವಿಲ್ಲ, ಖರ್ಚಿನ ಹಣವನ್ನು ಸಾಮಾನ್ಯವಾಗಿ ತಾವೋ ಮನೆಯವರೋ ತಿಂಗಳು ತಿಂಗಳು ಕಟ್ಟಬೇಕು. 2019ರ ತನಕ ಅಪ್ಪ ಅಮ್ಮನ ದನಿ ಕೇಳಲು ವರ್ಷಕ್ಕೆ ಎರಡೇ ಅವಕಾಶ, ಕ್ರಿಸ್‌ಮಸ್‌ಗೊಮ್ಮೆ, ತಾಯಂದಿರ ದಿನಕ್ಕೊಮ್ಮೆ. ಆ ವರ್ಷದಿಂದ ವಾರಕ್ಕೊಮ್ಮೆ ಮಾತಾಡಬಹುದು. ಅವರ ವಾರಕ್ಕೆ ಬಿಗಿಯಾದ ಕಟ್ಟಳೆಯಿದೆ: ಬೆಳಿಗ್ಗೆ ಬೇಗ ಏಳುವುದು, ಶಾಸ್ತ್ರಾಭ್ಯಾಸ, ಊರಿನ ಭಾಷೆಯ ಅಭ್ಯಾಸ, ಮನೆ ಮನೆಯ ಭೇಟಿ, ಪಾಠ, ಬಟ್ಟೆ ಒಗೆಯಲು, ಸಾಮಾನು ತರಲು, ಮನೆಗೆ ಬರೆಯಲು ಒಂದು ದಿನ. ಇವುಗಳ ನಡುವೆ ಒಂದಿಷ್ಟು ಹೊತ್ತು ಊರಿನ ಸೇವೆಗೆ. ನೆರೆ ಇಳಿದ ಮನೆಯ ಕೆಸರು ಬಾಚುವುದು, ಮುದುಕರ ಹಿತ್ತಲು ಸ್ವಚ್ಛ ಮಾಡುವುದು, ಕೇಳಿದವರಿಗೆ ಇಂಗ್ಲಿಷ್ ಕಲಿಸುವುದು.

ಆ ಒಂದಿಷ್ಟು ಹೊತ್ತಿನ ಬಗ್ಗೆಯೇ ನನ್ನ ಪ್ರಶ್ನೆ. ಮತಕ್ಕೆ ಜನರನ್ನು ಕರೆಯಲೆಂದೇ ಬಂದವನು ಕೆಸರು ಬಾಚಿದರೆ ಅದು ಸೇವೆಯೋ, ಕರೆಯ ಪೀಠಿಕೆಯೋ? ನಮ್ಮಲ್ಲಿ ಇದಕ್ಕೆ ಸಿದ್ಧ ಉತ್ತರವೊಂದಿದೆ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ಪ್ರತ್ಯುಪಕಾರ ಬಯಸದ ದಾನವನ್ನು ಸಾತ್ತ್ವಿಕವೆಂದೂ ಫಲದ ಮೇಲೆ ಕಣ್ಣಿಟ್ಟ ದಾನವನ್ನು ರಾಜಸವೆಂದೂ ಬೇರ್ಪಡಿಸುತ್ತದೆ. ಮತ್ತಾಯನ ಸುವಾರ್ತೆಯಲ್ಲಿ ಯೇಸು, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಷ್ಟು ಗುಟ್ಟಾಗಿ ಕೊಡಬೇಕೆನ್ನುತ್ತಾನೆ. ಈ ಅಳತೆಗೆ ಇಟ್ಟರೆ ಮಿಷನರಿಯ ಸೇವೆ ಸೋಲುತ್ತದೆ, ನಿಜ. ಆದರೆ ಗೆಲ್ಲುವ ಸೇವೆ ಯಾರದು? ಅನ್ನದಾನ ಮಾಡುವವನಿಗೆ ಪುಣ್ಯದ ಆಸೆಯಿರುತ್ತದೆ, ದೇವಸ್ಥಾನದ ಕಲ್ಲುಹಾಸಿನಲ್ಲಿ ದಾನಿಯ ಹೆಸರು ಕೆತ್ತಿರುತ್ತದೆ, ದೇವರನ್ನು ನಂಬದ ಸಮಾಜಸೇವಕನಿಗೂ ತಾನು ಒಳ್ಳೆಯವನೆಂಬ ತೃಪ್ತಿ ಬೇಕಿರುತ್ತದೆ. ಉದ್ದೇಶದ ಶುದ್ಧಿ ಮಾಡುವವನ ಸಾಧನೆಗೆ ಒಳ್ಳೆಯ ಗುರಿ. ಹೊರಗೆ ನಿಂತು ತೀರ್ಪು ಕೊಡುವವರಿಗೆ ಮಾತ್ರ ಅದು ಉಪಯೋಗಕ್ಕೆ ಬಾರದು, ಏಕೆಂದರೆ ಇನ್ನೊಬ್ಬನ ಮನಸ್ಸಿನ ಒಳಗು ನಮಗೆ ಕಾಣುವುದಿಲ್ಲ. ಹೊರಗಿನಿಂದ ಕಾಣುವ ಪರೀಕ್ಷೆಯೊಂದಿದೆ, ಅದೇ ಸಾಕು ಎಂಬುದು ನನ್ನ ವಾದ. ಸೇವೆ ಪಡೆದವನು ‘ನಿಮ್ಮ ಮತ ನನಗೆ ಬೇಡ’ ಎಂದ ಮರುದಿನ ಏನಾಗುತ್ತದೆ ಎಂದು ನೋಡಬೇಕು. ಕೆಲಸ ಮೊದಲಿನಂತೆಯೇ ನಡೆದರೆ ಅದು ಸೇವೆ. ಗುದ್ದಲಿ ಹಿಡಿದವರು ಪಕ್ಕದ ಬೀದಿಗೆ ಹೊರಟುಹೋದರೆ, ನಿನ್ನೆಯವರೆಗೆ ನಡೆದದ್ದು ವ್ಯಾಪಾರ.

ಈ ಪರೀಕ್ಷೆಯನ್ನು ನಾನು ಹೊರಗಿನಿಂದ ತಂದು ಈ ಮಿಷನರಿಗಳ ಮೇಲೆ ಹೇರುತ್ತಿಲ್ಲ, ಅವರ ಶಾಸ್ತ್ರದಲ್ಲೇ ಅದು ಇದೆ. ಮಾರ್ಮನ್ ಗ್ರಂಥದಲ್ಲಿ ಅಮ್ಮೋನ್ ಎಂಬ ರಾಜಕುಮಾರನ ಕಥೆ ಬರುತ್ತದೆ. ಈ ಸಭೆಯ ಮಿಷನರಿಗಳೆಲ್ಲ ಆದರ್ಶವಾಗಿ ಓದುವ ಕಥೆ ಅದು. ಶತ್ರುಗಳ ನಾಡಿಗೆ ಹೋದ ಅವನನ್ನು ಅಲ್ಲಿನ ದೊರೆ, ಇಲ್ಲಿ ಇರಬಯಸುವೆಯಾ ಎಂದು ಕೇಳಿದಾಗ, ಕೆಲಕಾಲ ಇರುತ್ತೇನೆ, ಬಹುಶಃ ಸಾಯುವವರೆಗೂ ಎನ್ನುತ್ತಾನೆ. ದೊರೆ ಮಗಳನ್ನು ಕೊಡಲು ಬಂದರೂ ಒಲ್ಲದೆ ಮಂದೆ ಕಾಯುವ ಆಳಾಗಿ ನಿಲ್ಲುತ್ತಾನೆ. ಉಪದೇಶ ಶುರುವಾಗುವುದು ದೊರೆ ತಾನಾಗಿ ಕೇಳಿದ ಮೇಲೆ. ಹಾಗೆಂದು ಅಮ್ಮೋನ್ ನಿಷ್ಕಾಮಿಯಲ್ಲ. ಮಂದೆಯನ್ನು ಕಾಪಾಡಿ ಜೊತೆಯ ಆಳುಗಳ ಮನಸ್ಸು ಗೆಲ್ಲಬೇಕೆಂಬ ಅವನ ಆಸೆಯನ್ನು ಗ್ರಂಥ ಮುಚ್ಚಿಡದೆ ಹೇಳುತ್ತದೆ. ಅವನನ್ನು ವ್ಯಾಪಾರಿಯಾಗದಂತೆ ಉಳಿಸುವುದು ಆ ಮೊದಲ ಮಾತು: ಯಾರಾದರೂ ಒಪ್ಪಿದರೆ ಎಂಬ ಷರತ್ತಿಲ್ಲದ, ಬಹುಶಃ ಸಾಯುವವರೆಗೂ ಇರುತ್ತೇನೆ ಎಂಬುದು. ಲೂಕನ ಸುವಾರ್ತೆಯಲ್ಲಿ ಇದಕ್ಕಿಂತಲೂ ಖಚಿತವಾದ ಸಾಕ್ಷ್ಯವಿದೆ. ಹತ್ತು ಮಂದಿ ಕುಷ್ಠರೋಗಿಗಳು ಗುಣವಾಗುತ್ತಾರೆ. ಹಿಂದಿರುಗಿ ಬಂದು ನಮಿಸುವವನು ಒಬ್ಬನೇ. ಉಳಿದ ಒಂಬತ್ತು ಮಂದಿ ಎಲ್ಲಿ ಎಂದು ಯೇಸು ಕೇಳುತ್ತಾನೆ. ಆ ಪ್ರಶ್ನೆಯಲ್ಲಿ ನೋವಿದೆ. ಆದರೆ ಅವರ ರೋಗ ಮರಳಿ ಬಂತೆಂದು ಸುವಾರ್ತೆ ಹೇಳುವುದಿಲ್ಲ. ಅವರು ಕೃತಜ್ಞತೆಯಿಲ್ಲದೆ, ಗುಣವಾದ ಮೈಯೊಂದಿಗೇ ತಮ್ಮ ದಾರಿ ಹಿಡಿಯುತ್ತಾರೆ. ಕ್ರೈಸ್ತ ಸೇವೆಯ ಬಗ್ಗೆ ಬರೆದವರು ಸಾಮಾನ್ಯವಾಗಿ ಹಿಂದಿರುಗಿದ ಒಬ್ಬನನ್ನು ಕೊಂಡಾಡುತ್ತಾರೆ. ನನಗೆ ಈ ಕಥೆಯ ತೂಕವೆಲ್ಲ ಆ ಒಂಬತ್ತು ಮಂದಿಯಲ್ಲಿದೆ ಅನ್ನಿಸುತ್ತದೆ.

ಪರೀಕ್ಷೆಯಲ್ಲಿ ಸೋತ ಉದಾಹರಣೆಯೂ ಈ ಸಭೆಯ ಚರಿತ್ರೆಯಲ್ಲೇ ಸಿಗುತ್ತದೆ. 1960ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿದ್ದ ಅಮೆರಿಕದ ಮಿಷನರಿ ಹುಡುಗರು ಅಲ್ಲಿನ ಮಕ್ಕಳನ್ನು ಬೇಸ್‌ಬಾಲ್ ಆಟಕ್ಕೆ ಕರೆಯತೊಡಗಿದರು. ಹೊಸ ಆಟ, ವಿದೇಶದ ಅಣ್ಣಂದಿರು, ಮಕ್ಕಳು ಮುಗಿಬಿದ್ದರು. ತಂಡಕ್ಕೆ ಸೇರುವ ವಿಧಿಯೋ ಎಂಬಂತೆ ಅನೇಕರಿಗೆ ದೀಕ್ಷಾಸ್ನಾನವೂ ಆಗಿಹೋಯಿತು. ತಾವು ಒಂದು ಮತಕ್ಕೆ ಸೇರಿದ್ದೇವೆಂಬ ಅರಿವೇ ಎಷ್ಟೋ ಮಕ್ಕಳಿಗೆ ಇರಲಿಲ್ಲ. ಸಂಖ್ಯೆ ಏರಿತು, ಪ್ರಾರ್ಥನೆಗೆ ಬರುವವರು ಏರಲಿಲ್ಲ, ಕೊನೆಗೆ ಸಭೆಯೇ ಅಂಥ ಅನೇಕ ಹೆಸರುಗಳನ್ನು ಪಟ್ಟಿಯಿಂದ ತೆಗೆಯಬೇಕಾಯಿತು. ಇದನ್ನು ವಿವರವಾಗಿ ದಾಖಲಿಸಿದ ಇತಿಹಾಸಕಾರ ಮೈಕೆಲ್ ಕ್ವಿನ್, ಆ ಗದ್ದಲದ ಬೆನ್ನಲ್ಲೇ ಇಂಗ್ಲೆಂಡಿನಲ್ಲಿ ಮಿಷನರಿಯಾಗಿದ್ದವನು. ತತ್ತ್ವಜ್ಞಾನಿ ಮಾರ್ಟಿನ್ ಬೂಬರ್‌ನ ವಿಚಾರವನ್ನು ಹಿಡಿದು ಅವನು ಕೇಳಿದ ಪ್ರಶ್ನೆ, ಎದುರಿನ ಮಗುವನ್ನು ‘ನೀನು’ ಎಂದು ಕಂಡಿರೋ, ‘ಅದು’ ಎಂದು ಕಂಡಿರೋ ಎಂಬುದು. ಆ ಹುಡುಗರು ದುಷ್ಟರಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಮನೆ ಬಿಟ್ಟು, ತಮ್ಮ ಹಣ ಹಾಕಿ ಬಂದವರು. ವಾರ ಮುಗಿದಾಗ ಮೇಲಿನವರಿಗೆ ಲೆಕ್ಕ ಕೊಡಬೇಕಿತ್ತು. ಇಂದಿಗೂ ಎಷ್ಟು ಹೊಸಬರಿಗೆ ಪಾಠವಾಯಿತು, ಎಷ್ಟು ಮಂದಿ ಆರಾಧನೆಗೆ ಬಂದರು, ಎಷ್ಟು ಮಂದಿಗೆ ದೀಕ್ಷೆಯ ದಿನ ಗೊತ್ತಾಯಿತು ಎಂಬ ಲೆಕ್ಕಗಳು ಮಿಷನರಿಯ ಕೆಲಸದ ಭಾಗವೇ. ಹತ್ತೊಂಬತ್ತರ ಹುಡುಗನ ಮುಂದೆ ಇಂಥ ಲೆಕ್ಕವಿಟ್ಟರೆ, ಬೇಡವೆಂದ ಮನೆಯ ಹಿತ್ತಲು ಅವನಿಗೆ ನಷ್ಟದ ಬಾಬತ್ತಾಗಿ ಕಾಣುವ ಅಪಾಯವಿದೆ. ಅವನ ಆಸೆಗಿಂತ ಆ ಲೆಕ್ಕವೇ ನನಗೆ ಹೆಚ್ಚು ಚಿಂತೆಯ ವಿಷಯ.

ನಂಬಿಕೆಯುಳ್ಳವರು ಇಲ್ಲಿ ಗಟ್ಟಿಯಾದ ಆಕ್ಷೇಪವೊಂದನ್ನು ಎತ್ತಬಹುದು. ಆತ್ಮ ಉಳಿಯುವ ದಾರಿ ನನಗೆ ಗೊತ್ತಿದೆಯೆಂದು ನಾನು ನಿಜವಾಗಿ ನಂಬಿದರೆ, ಅದನ್ನು ಹೇಳದೆ ಬರೀ ಕೆಸರು ಬಾಚಿ ಬರುವುದು ಪ್ರೀತಿಯೇ? ದೊಡ್ಡ ಸೇವೆಯನ್ನು ಬಚ್ಚಿಟ್ಟು ಚಿಕ್ಕದನ್ನು ಮಾಡಿದಂತಲ್ಲವೇ? ಈ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ, ತಳ್ಳಿಹಾಕಲೂ ಬಾರದು. ಹೇಳಲಿ, ಬಾಗಿಲು ತಟ್ಟಿ, ಹೆಸರುಪಟ್ಟಿ ಧರಿಸಿ, ತಾನು ಯಾರೆಂದು ಮುಚ್ಚಿಡದೆ ಹೇಳಲಿ. ಬಹಿರಂಗವಾಗಿ ಹೇಳುವುದರಲ್ಲಿ ಕೇಳುವವನ ಬಗ್ಗೆ ಗೌರವವಿದೆ. ಕೇಳಿ ಒಪ್ಪಬಲ್ಲ, ಬಿಡಬಲ್ಲ ಮನುಷ್ಯ ಅವನು ಎಂದು ಒಪ್ಪಿಕೊಂಡಂತೆ ಅದು. ನಾನು ಬೇಡವೆನ್ನುವುದು ಹೇಳುವುದನ್ನೂ ಕೊಡುವುದನ್ನೂ ಒಂದೇ ಗಂಟಿನಲ್ಲಿ ಕಟ್ಟುವುದನ್ನು. ಯೇಸು ಹೇಳಿದ ಕಥೆಯ ಒಳ್ಳೆಯ ಸಮಾರ್ಯನು ದಾರಿಯಲ್ಲಿ ಬಿದ್ದ ಗಾಯಾಳುವನ್ನು ಛತ್ರಕ್ಕೆ ಒಯ್ದು, ಖರ್ಚಿಗೆ ಹಣ ಕೊಟ್ಟು, ಹೆಚ್ಚಾದರೆ ಮರಳುವಾಗ ತೀರಿಸುತ್ತೇನೆಂದು ಹೇಳಿ ಹೊರಟುಬಿಡುತ್ತಾನೆ. ಅವನಿಗೂ ತನ್ನದೊಂದು ಮತವಿತ್ತು, ಗಾಯಾಳುವಿನ ಜನಕ್ಕೂ ಅವನ ಜನಕ್ಕೂ ಬದ್ಧವೈರವಿತ್ತು. ಆದರೂ ಆ ಮಂಚದ ಪಕ್ಕ ಅವನು ಮತದ ಮಾತೆತ್ತಿದನೆಂದು ಕಥೆಯಲ್ಲಿಲ್ಲ.

ಎದುರು ಬದಿಯ ಆಕ್ಷೇಪ ಇನ್ನೂ ತೀಕ್ಷ್ಣ. ‘ಬೇಡ’ ಎನ್ನುವ ಸ್ವಾತಂತ್ರ್ಯ ಹೊಟ್ಟೆ ತುಂಬಿದವರಿಗೆ ಮಾತ್ರ ಇರುತ್ತದೆ, ಔಷಧಿಗೆ ಕೈಚಾಚಿದವನು ಬೇಡವೆನ್ನಬಲ್ಲನೇ ಎಂದು ಕೇಳುತ್ತಾರೆ. ಗಾಂಧೀಜಿ 1930ರ ದಶಕದಲ್ಲಿ ಹರಿಜನ ಪತ್ರಿಕೆಯಲ್ಲಿ ಮತ್ತೆ ಮತ್ತೆ ಎತ್ತಿದ್ದು ಈ ದೂರನ್ನೇ. ಆಸ್ಪತ್ರೆ, ಶಾಲೆಗಳನ್ನು ಮತಾಂತರದ ಮೆಟ್ಟಿಲಾಗಿ ಬಳಸಬೇಡಿ, ಸೇವೆಗಾಗಿಯೇ ಸೇವೆ ಮಾಡಿ ಎಂಬುದು ಅವರು ಮಿಷನರಿಗಳಿಗೆ ಮುಂದಿಟ್ಟ ಬೇಡಿಕೆಯಾಗಿತ್ತು. ಅದು ನ್ಯಾಯವಾದದ್ದೆಂದೇ ನಾನು ತಿಳಿಯುತ್ತೇನೆ. ಅಗತ್ಯ ಹೆಚ್ಚಿದಷ್ಟೂ ಉಪದೇಶ ದೂರ ಸರಿಯಬೇಕು. ಇಂಗ್ಲಿಷ್ ಪಾಠ ಕೇಳಿ ಬಂದ ಕಾಲೇಜು ಹುಡುಗನೂ ಚಂಡಮಾರುತಕ್ಕೆ ಮನೆ ಕಳೆದುಕೊಂಡ ವಿಧವೆಯೂ ಒಂದೇ ಸ್ಥಿತಿಯಲ್ಲಿಲ್ಲ. 1994ರಲ್ಲಿ ರೆಡ್ ಕ್ರಾಸ್ ಮತ್ತು ಪರಿಹಾರ ಸಂಸ್ಥೆಗಳು ರೂಪಿಸಿಕೊಂಡ ನೀತಿಸಂಹಿತೆ, ನೆರವನ್ನು ಯಾವುದೇ ರಾಜಕೀಯ ಅಥವಾ ಮತದ ನಿಲುವನ್ನು ಮುಂದೊತ್ತಲು ಬಳಸಬಾರದೆಂದು ಸ್ಪಷ್ಟವಾಗಿ ಹೇಳುತ್ತದೆ. ಮತಗಳ ಹಿನ್ನೆಲೆಯ ಹಲವು ಸಂಸ್ಥೆಗಳೂ ಅದಕ್ಕೆ ಸಹಿ ಹಾಕಿವೆ. ಅಂದರೆ ನಂಬಿಕೆಯನ್ನು ಬಿಡದೆಯೇ ಇದನ್ನು ಪಾಲಿಸಬಹುದು.

ಇನ್ನೊಂದು ಆಕ್ಷೇಪ ಉಪಯೋಗದ್ದು. ಭಾಷೆ ಬಾರದ, ಕಸುಬು ತಿಳಿಯದ, ಕೆಲವು ತಿಂಗಳಿಗೇ ಬೇರೆ ಊರಿಗೆ ವರ್ಗವಾಗುವ ಹುಡುಗನಿಂದ ಊರಿಗೇನು ಲಾಭ? ಅವನ ವಿಮಾನದ ಖರ್ಚಿನಲ್ಲಿ ಆ ಊರಿನವರಿಗೇ ಕೂಲಿ ಕೊಟ್ಟು ಇನ್ನೂ ನಾಲ್ಕು ಹಿತ್ತಲು ಸ್ವಚ್ಛ ಮಾಡಿಸಬಹುದಿತ್ತು. ಲೆಕ್ಕ ಸರಿಯಾಗಿಯೇ ಇದೆ. ‘ಹುಡುಗ ಪ್ರಬುದ್ಧನಾಗಿ ಮನೆಗೆ ಮರಳುತ್ತಾನೆ’ ಎಂದು ಉತ್ತರಿಸುವವರು ಇನ್ನೊಂದು ಹೊಂಡಕ್ಕೆ ಬೀಳುತ್ತಾರೆ. ಹಾಗಾದರೆ ಆ ಊರಿನ ಬಡತನ ಅವನ ಪಾಠಶಾಲೆಯಾಯಿತು. ಆದರೆ ದೂರದ ಊರಿನ ವಾರದಲ್ಲಿ ಇವೆರಡು ಲೆಕ್ಕಕ್ಕೂ ಸಿಗದ ಸಂಗತಿಯೊಂದು ನಡೆಯುತ್ತದೆ. ಅಲ್ಲಿ ಅವನೇ ಪರಾಧೀನ. ಬಸ್ಸು ಯಾವುದು, ಅಕ್ಕಿ ಎಲ್ಲಿ ಅಗ್ಗ, ಹಿರಿಯರನ್ನು ಹೇಗೆ ಕರೆಯಬೇಕು, ಎಲ್ಲವನ್ನೂ ಊರಿನವರು ಹೇಳಿಕೊಡಬೇಕು. ಎಷ್ಟೋ ರಾತ್ರಿ ಊಟ ಊರಿನವರ ಮನೆಯಲ್ಲೇ. ಲೂಕನ ಹತ್ತನೆಯ ಅಧ್ಯಾಯದಲ್ಲಿ ಯೇಸು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳಿಸುವಾಗ ಹಣದ ಚೀಲ ಒಯ್ಯಬೇಡಿ, ಬಡಿಸಿದ್ದನ್ನು ಉಣ್ಣಿ ಎನ್ನುತ್ತಾನೆ; ಮಾರ್ಮನ್ ಮಿಷನರಿಗಳೂ ಬಹುಕಾಲ ಬರಿಗೈಯಲ್ಲೇ ಹೋಗುತ್ತಿದ್ದರು. ಕೊಡಲು ಹೋದವನು ಮೊದಲು ಬೇಡುವವನಾಗಬೇಕೆಂಬ ಈ ಏರ್ಪಾಡು ನನಗೆ ಬಹಳ ವಿವೇಕದ್ದಾಗಿ ಕಾಣುತ್ತದೆ. ಉಂಡ ಮನೆಯವರನ್ನು ಗಿರಾಕಿಗಳೆಂದು ಕಾಣುವುದು ಕಷ್ಟ. ಅವರು ಬೇಡವೆಂದರೂ ಅನ್ನದ ಋಣ ಉಳಿಯುತ್ತದೆ.

ಕನ್ನಡಿಗರ ಬಳಿ ಇಂಥ ಋಣದ ಲೆಕ್ಕವೊಂದಿದೆ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರ ಉದ್ದೇಶ ಮತಪ್ರಚಾರವೇ, ಅದನ್ನವರು ಮುಚ್ಚಿಡಲಿಲ್ಲ. ಅದೇ ಮಿಷನ್ನಿನ ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆ ತಂದ, ದಾಸರ ಪದಗಳನ್ನೂ ಬಸವಪುರಾಣವನ್ನೂ ಅಚ್ಚು ಹಾಕಿಸಿದ. 1853ರಲ್ಲಿ ಎಳೆಯ ವಯಸ್ಸಿನಲ್ಲಿ ಬಂದ ಕಿಟ್ಟೆಲ್‌ನ ನಿಘಂಟು 1894ರಲ್ಲಿ ಹೊರಬಂತು. ಅವರ ದೇವರನ್ನು ಬೇಡವೆಂದ ಮನೆಗಳಲ್ಲೂ ಆ ನಿಘಂಟು ಇದೆ. ಮಿಷನರಿಯೊಬ್ಬ ಅಚ್ಚು ಹಾಕಿಸಿದ ಪದಗಳು ಹರಿದಾಸರ ಭಕ್ತರಿಗೇ ಸಲ್ಲುತ್ತಿವೆ. ಉದ್ದೇಶ ಶುದ್ಧವಿತ್ತೇ ಎಂದು ಈಗಲೂ ಜಗಳವಾಡಬಹುದು, ಕೆಲಸ ಮಾತ್ರ ಬೇಡವೆಂದವರ ಕೈಯಲ್ಲಿ ಉಳಿದಿದೆ.

ಇಷ್ಟು ಹೇಳಿದ ಮೇಲೆ ನಮ್ಮ ಕಡೆಗೂ ಒಂದು ಮಾತು ಸಲ್ಲಬೇಕು. ‘ಬೇಡ’ ಎನ್ನುವ ಶಕ್ತಿಯನ್ನು ಕಾಪಾಡಬೇಕೆನ್ನುವವರು ‘ಬೇಕು’ ಎನ್ನುವ ಶಕ್ತಿಯನ್ನೂ ಒಪ್ಪಬೇಕು. 1977ರಲ್ಲಿ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸಂವಿಧಾನದ 25ನೆಯ ವಿಧಿ ಕೊಡುವ ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಸೇರಿಲ್ಲ ಎಂದಿತು. ಸರಿ, ಆದರೆ ಕೇಳಿಸಿಕೊಂಡು ತಾನಾಗಿ ದಾಟುವವನ ಹಕ್ಕು ಎಲ್ಲಿ ಹೋಯಿತು? ಕರ್ನಾಟಕದಲ್ಲಿ 2022ರಲ್ಲಿ ಬಂದ ಕಾಯ್ದೆ, ಅಕ್ರಮ ಮತಾಂತರಕ್ಕೆ ಒಳಗಾದವರು ಮಹಿಳೆ ಅಥವಾ ಪರಿಶಿಷ್ಟ ಜಾತಿ, ಪಂಗಡದವರಾಗಿದ್ದರೆ ಶಿಕ್ಷೆಯನ್ನು ಹೆಚ್ಚಿಸಿ, ಅವರನ್ನು ಮಕ್ಕಳ ಸಾಲಿನಲ್ಲೇ ಕೂರಿಸಿತು. ಗಾಂಧೀಜಿಯೂ 1936ರಲ್ಲಿ ಮಿಷನರಿ ನಾಯಕ ಜಾನ್ ಮಾಟ್ ಜೊತೆ ಮಾತಾಡುವಾಗ, ದಲಿತರಿಗೆ ಧರ್ಮಗಳ ತಾರತಮ್ಯ ಅಳೆಯುವ ಬುದ್ಧಿಯಿಲ್ಲವೆಂಬ ಅರ್ಥದ ಮಾತಾಡಿ ಟೀಕೆಗೊಳಗಾದರು. ಅದರ ಹಿಂದಿನ ವರ್ಷವಷ್ಟೇ ಯೇವಲೆಯಲ್ಲಿ ಅಂಬೇಡ್ಕರ್, ತಾನು ಹಿಂದುವಾಗಿ ಸಾಯುವುದಿಲ್ಲವೆಂದು ಘೋಷಿಸಿದ್ದರು. ಬೇರೆ ಬೇರೆ ಮತಗಳವರು ಅವರನ್ನು ತಮ್ಮ ಕಡೆ ಕರೆದರು. ಅವರು ಎಲ್ಲರ ಮಾತು ಕೇಳಿದರು, ಓದಿದರು, ತೂಗಿದರು, ಎರಡು ದಶಕ ಕಾದು 1956ರ ಅಕ್ಟೋಬರಿನಲ್ಲಿ ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧ ಧರ್ಮ ಸ್ವೀಕರಿಸಿದರು. ಬಾಗಿಲು ತಟ್ಟುವ ಹುಡುಗನಿಗೆ ಕಟ್ಟಳೆ ಹಾಕುವವರು, ಬಾಗಿಲು ತೆರೆಯುವ ಹೆಂಗಸಿಗೂ ತೂಗಿ ನೋಡುವ ಬುದ್ಧಿಯಿದೆ ಎಂಬಲ್ಲಿಂದ ಆರಂಭಿಸಬೇಕಿತ್ತು. ನಮ್ಮ ಕಾನೂನು ಇನ್ನೂ ಅಲ್ಲಿಗೆ ಬಂದಿಲ್ಲ.