ರಸ್ತೆಯ ಲೆಕ್ಕ, ಜನರ ಲೆಕ್ಕ

ನಮ್ಮ ಕನ್ನಡ ಸಂಘದ ಯುಗಾದಿ ಊಟದಲ್ಲಿ ಯಾರಾದರೊಬ್ಬರು ನನ್ನನ್ನು ಕೇಳಿಯೇ ಕೇಳುತ್ತಾರೆ: "ಸಾರ್, ನೀವು ಟ್ರಾಫಿಕ್ ಪ್ರೊಫೆಸರ್ ಅಲ್ವಾ? ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ಯಾವಾಗ ಸರಿಹೋಗುತ್ತೆ ಹೇಳಿ!" ಹೋಳಿಗೆ ಮುಂದಿಟ್ಟುಕೊಂಡು ಕೊಡುವ ಉತ್ತರವಲ್ಲ ಅದು. ಸಂಚಿಕೆಯ ಸಂಪಾದಕರು ಪುಟ ಕೊಟ್ಟಿದ್ದಾರೆ, ಬರೆಯುತ್ತಿದ್ದೇನೆ.

ಸರ್ ಎಂ. ವಿಶ್ವೇಶ್ವರಯ್ಯನವರು 1917ರಲ್ಲಿ ಸ್ಥಾಪಿಸಿದ, ಕೆ.ಆರ್. ಸರ್ಕಲ್ಲಿನ ಕಾಲೇಜಿನಲ್ಲಿ ನಾನು ಸಿವಿಲ್ ಓದುವಾಗ ಹೆದ್ದಾರಿ ಎಂದರೆ ಜಲ್ಲಿ, ಡಾಂಬರು, ತಿರುವಿನ ತ್ರಿಜ್ಯ. ಆ ರಸ್ತೆಯ ಮೇಲೆ ಯಾರು, ಯಾಕೆ, ಯಾವ ಹೊತ್ತಿನಲ್ಲಿ ಹೋಗುತ್ತಾರೆ ಎಂಬ ಯೋಚನೆ ನನಗೆ ಬಂದಿರಲಿಲ್ಲ. ಅದು ಎದುರಾದದ್ದು ಅಮೆರಿಕಕ್ಕೆ ಬಂದ ಮೇಲೆ, ಸ್ಯಾನ್ ಫ್ರಾನ್ಸಿಸ್ಕೋದ ಬಾರ್ಟ್ ರೈಲಿನ ಪಾಠದಲ್ಲಿ. 1972ರಲ್ಲಿ ಆ ರೈಲು ಓಡತೊಡಗುವ ಮುನ್ನ, ಕೆಲಸಕ್ಕೆ ಹೋಗುವವರಲ್ಲಿ ಶೇ. 15ರಷ್ಟು ಜನ ಅದನ್ನು ಹತ್ತುತ್ತಾರೆಂಬುದು ಅಧಿಕೃತ ಅಂದಾಜಾಗಿತ್ತು. ಅರ್ಥಶಾಸ್ತ್ರಜ್ಞ ಡೇನಿಯಲ್ ಮ್ಯಾಕ್‌ಫ್ಯಾಡನ್ ಮತ್ತು ಸಂಗಡಿಗರು ಪ್ರಯಾಣಿಕರನ್ನೇ ವಿಚಾರಿಸಿ, ಪಯಣಕ್ಕೆ ತಗಲುವ ಹೊತ್ತು, ನಡೆದಾಟ, ಖರ್ಚು ಎಲ್ಲವನ್ನೂ ತೂಗಿ ಶೇ. 6.3 ಎಂದರು. ಆದದ್ದು ಶೇ. 6.2! 2000ದ ಅರ್ಥಶಾಸ್ತ್ರದ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿತು. ಕೊಳವೆಯೊಳಗಿನ ನೀರಿನ ಹಾಗೆ ವಾಹನಗಳು ಹರಿಯುತ್ತವೆ ಎಂದು ಕಲಿತಿದ್ದ ನನಗೆ, ಪ್ರತಿಯೊಬ್ಬರೂ ಅಳೆದು ಸುರಿದೇ ಮನೆಯಿಂದ ಹೊರಡುತ್ತಾರೆ ಎಂಬುದು ಹೊಸ ಕಾಣ್ಕೆ. ಪಿಎಚ್.ಡಿ.ಗೆ ಆ ಜಾಡನ್ನೇ ಹಿಡಿದೆ.

ಪ್ರಾಧ್ಯಾಪಕನಾದ ಮೇಲಿನ ಓಟ ಎಲ್ಲರದ್ದೂ ಒಂದೇ. ಟೆನ್ಯೂರ್ ಸಿಗುವವರೆಗೆ ಪ್ರಬಂಧ ಪ್ರಕಟಿಸು, ಸಾರಿಗೆ ಇಲಾಖೆಯಿಂದ ಸಂಶೋಧನೆಗೆ ಹಣ ತಾ, ಜನವರಿಯ ಚಳಿಯಲ್ಲಿ ವಾಷಿಂಗ್ಟನ್‌ನ ಟಿಆರ್‌ಬಿ (ಸಾರಿಗೆ ಸಂಶೋಧನಾ ಮಂಡಳಿ) ಸಮ್ಮೇಳನಕ್ಕೆ ಹೋಗು. ಇಲಾಖೆಗಳಿಗೆ ಬೇಕಿದ್ದದ್ದು ಮುಖ್ಯವಾಗಿ ಒಂದೇ ಉತ್ತರ: ಈ ಜಂಕ್ಷನ್ನಿನ ದರ್ಜೆ ಏನು? 1965ರ ಹೈವೇ ಕೆಪ್ಯಾಸಿಟಿ ಮ್ಯಾನ್ಯುಯಲ್ ರಸ್ತೆಗಳಿಗೆ 'ಎ'ಯಿಂದ 'ಎಫ್‌'ವರೆಗೆ ದರ್ಜೆ ಕೊಡುವ ಪದ್ಧತಿ ತಂದಿತು. ಸಿಗ್ನಲ್‌ನಲ್ಲಿ ವಾಹನಗಳಿಗೆ ಸರಾಸರಿ 80 ಸೆಕೆಂಡ್ ಮೀರಿ ತಡವಾದರೆ 'ಎಫ್', ಅಂದರೆ ನಪಾಸು. ಈ ಲೆಕ್ಕದಲ್ಲಿ ಐವತ್ತು ಜನರ ಬಸ್ಸೂ ಒಂದು ವಾಹನ, ಒಬ್ಬರೇ ಕೂತ ಕಾರೂ ಒಂದು ವಾಹನ. ರಸ್ತೆ ದಾಟಲು ನಿಂತವರು ಲೆಕ್ಕಕ್ಕೇ ಇಲ್ಲ. 'ಎಫ್' ಬಂದ ಕಡೆ ರಸ್ತೆ ಅಗಲವಾಗುತ್ತದೆ. ಅಗಲವಾದಷ್ಟೂ ದಾಟುವುದು ಕಷ್ಟ.

ಅಗಲ ಮಾಡಿದರೂ ದಟ್ಟಣೆ ಮರಳಿ ಬರುತ್ತದೆ ಎಂದು ಅರ್ಥಶಾಸ್ತ್ರಜ್ಞ ಆಂಥನಿ ಡೌನ್ಸ್ 1962ರಲ್ಲೇ ಬರೆದಿದ್ದರು. ಬೇರೆ ದಾರಿಯಲ್ಲಿ, ಬೇರೆ ಹೊತ್ತಿನಲ್ಲಿ, ಬಸ್ಸಿನಲ್ಲಿ ಹೋಗುತ್ತಿದ್ದವರೆಲ್ಲ ಹೊಸ ಜಾಗಕ್ಕೆ ಬಂದು ತುಂಬಿಕೊಳ್ಳುತ್ತಾರೆ. ಅಷ್ಟಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಮಿನ್ನೆಸೋಟದ ಸೇಂಟ್ ಪಾಲ್‌ನಲ್ಲಿ ಐ-94 ಹೆದ್ದಾರಿ ಕಪ್ಪು ಜನರ ರೊಂಡೊ ಬಡಾವಣೆಯನ್ನು ಸೀಳಿಕೊಂಡು ಹೋಯಿತು. ನೂರಾರು ಕುಟುಂಬಗಳು ಮನೆ ಕಳೆದುಕೊಂಡವು. ರಾಜ್ಯದ ಸಾರಿಗೆ ಆಯುಕ್ತರು ಅದಕ್ಕೆ ಕ್ಷಮೆ ಕೇಳಿದ್ದು 2015ರಲ್ಲಿ.

ಅಳತೆಗೋಲು ಬದಲಾಗಲು ನನ್ನ ವೃತ್ತಿಜೀವನದ ಬಹುಪಾಲು ಹಿಡಿಯಿತು. ಕ್ಯಾಲಿಫೋರ್ನಿಯಾ 2013ರ ಕಾನೂನಿನ ಮೂಲಕ, ಪರಿಸರ ಪರಿಶೀಲನೆಯಲ್ಲಿ ಕಾರಿನ ಕಾಯುವಿಕೆಯನ್ನು ಬದಿಗಿಟ್ಟು, ಒಂದು ಯೋಜನೆಯಿಂದ ವಾಹನಗಳ ಓಡಾಟ ಒಟ್ಟು ಎಷ್ಟು ಮೈಲಿ ಹೆಚ್ಚುತ್ತದೆ ಎಂದು ಕೇಳತೊಡಗಿತು. 2020ರ ಜುಲೈಯಿಂದ ಅದು ರಾಜ್ಯದಾದ್ಯಂತ ಜಾರಿಯಾಯಿತು. ಪ್ರಶ್ನೆ ಬದಲಾದದ್ದೇ ತಡ, ಬಸ್ ನಿಲ್ದಾಣದ ಪಕ್ಕ ಮನೆ ಕಟ್ಟುವುದು, ಹತ್ತಿರದ ಜಂಕ್ಷನ್ನಿನಲ್ಲಿ ಕಾರುಗಳಿಗೆ ತಡವಾಗುತ್ತದೆ ಎಂಬ ಕಾರಣಕ್ಕೆ ತಪ್ಪಾಗಿ ಕಾಣುವುದು ನಿಂತಿತು.

ನನ್ನ ವಿದ್ಯಾರ್ಥಿಗಳಿಗೆ ಸೂತ್ರಕ್ಕಿಂತ ಮೊದಲು ಒಂದು ಕೆಲಸ ಕೊಡುತ್ತೇನೆ: ದಿನಸಿ, ಔಷಧಿ, ಅಂಚೆ ಇಷ್ಟನ್ನೂ ಕಾರಿಲ್ಲದೆ ಮುಗಿಸಿ ಬನ್ನಿ. ಫುಟ್‌ಪಾತ್ ಅರ್ಧಕ್ಕೇ ಮುಗಿದು, ಹುಲ್ಲಿನ ಮೇಲೆ ನಡೆದು ಬಸ್ಸು ತಪ್ಪಿಸಿಕೊಂಡವರು ಗೊಣಗುತ್ತಾ ಬರುತ್ತಾರೆ. ಧಾರವಾಡದ ಹುಡುಗಿಯೊಬ್ಬಳು, "ಇದರಾಗ ಏನ್ ವಿಶೇಷ ಸರ್, ನಮ್ಮ ಅವ್ವ ದಿನಾ ಹಿಂಗ ಅಡ್ಡಾಡ್ತಾಳ" ಎಂದಳು. ಆ ಸೆಮಿಸ್ಟರಿನ ಅತ್ಯುತ್ತಮ ವರದಿ ಅವಳದೇ.

ನಮ್ಮ ನಾಡಿನ ರಸ್ತೆಗೆ ಅಮೆರಿಕದ ಪುಸ್ತಕ ನೇರವಾಗಿ ಒಗ್ಗುವುದಿಲ್ಲ. ಲೇನ್ ಹಿಡಿಯದೆ ಸಾಗುವ ಆಟೊ, ಸ್ಕೂಟರ್, ಬಿಎಂಟಿಸಿ ಬಸ್ಸು, ತಳ್ಳುಗಾಡಿಗಳಿಗೆ ಭಾರತದ್ದೇ ಕೈಪಿಡಿ, ಇಂಡೋ-ಎಚ್‌ಸಿಎಂ, ಬಂದದ್ದು 2017ರಲ್ಲಿ. ಸಿಲ್ಕ್ ಬೋರ್ಡಿಗೆ 2024ರಲ್ಲಿ ಡಬಲ್ ಡೆಕ್ಕರ್ ಮೇಲುಸೇತುವೆ, 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗದ ಮೆಟ್ರೊ ಬಂದವು. ನನ್ನ ಉತ್ತರ ಇಷ್ಟೇ: ಸೇತುವೆ ಮತ್ತೆ ತುಂಬುತ್ತದೆ, ಮೆಟ್ರೊ ಉಳಿಯುತ್ತದೆ. ಆ ಮೆಟ್ರೊಗೆ ಮನೆಯಿಂದ ನಡೆದು ಹೋಗಲು ಫುಟ್‌ಪಾತ್, ಹತ್ತಲು ಫೀಡರ್ ಬಸ್ಸು ಇದ್ದರೆ ಮಾತ್ರ ಕಾರು ಮನೆಯಲ್ಲಿ ನಿಲ್ಲುತ್ತದೆ. 2023ರ ಜೂನ್‌ನಲ್ಲಿ ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದಾಗ, ಅಲ್ಲಿಯವರೆಗೆ ಮನೆಯಲ್ಲೇ ಉಳಿದಿದ್ದ ಎಷ್ಟೋ ಹೆಣ್ಣುಮಕ್ಕಳು ಬಸ್ಸು ಹತ್ತಿದರು. ಅವರ ಪ್ರಯಾಣದ ಬಯಕೆ ಯಾವ ವಾಹನ ಗಣತಿಯಲ್ಲೂ ದಾಖಲಾಗಿರಲಿಲ್ಲ.

ಇಲ್ಲಿ ನಮ್ಮ ಮನೆಗಳಲ್ಲೂ ಎಣಿಕೆಗೆ ಸಿಗದವರಿದ್ದಾರೆ. ಊರಿಂದ ಆರು ತಿಂಗಳಿಗೆಂದು ಬರುವ ನಮ್ಮ ಅಪ್ಪ-ಅಮ್ಮಂದಿರು ಕಾರು ಓಡಿಸುವುದಿಲ್ಲ, ನಡೆದು ಹೋಗಲು ಜಾಗವಿಲ್ಲ, ಶನಿವಾರ ದೇವಸ್ಥಾನಕ್ಕೆ ಹೋಗಲೂ ಮಗನ ರಜೆ ಕಾಯಬೇಕು. ಈ ದೇಶದಲ್ಲಿ 50,000ಕ್ಕೂ ಹೆಚ್ಚು ಜನರಿರುವ ಪ್ರತಿ ನಗರ ಪ್ರದೇಶಕ್ಕೂ ಸಾರಿಗೆ ಯೋಜನೆ ಕಡ್ಡಾಯ. ಅದಕ್ಕೆ ಸಾರ್ವಜನಿಕರ ಅಭಿಪ್ರಾಯ ಕೇಳಲೇಬೇಕು. ನಾನು ಕಂಡ ಅಂಥ ಸಭೆಗಳಲ್ಲಿ ನಮ್ಮವರ ಮುಖ ಅಪರೂಪ. ಮುಂದಿನ ಸಭೆ ಯಾವಾಗ ಎಂದು ನಿಮ್ಮ ನಗರಸಭೆಯಲ್ಲಿ ವಿಚಾರಿಸಿ, ಅಪ್ಪ-ಅಮ್ಮನನ್ನೂ ಕರೆದುಕೊಂಡು ಹೋಗಿ, ನಿಮ್ಮ ಬೀದಿಗೆ ಒಂದು ಫುಟ್‌ಪಾತ್ ಕೇಳಿ.