ರಾತ್ರಿ ಏಳುವವರು

ನಮ್ಮ ಹಳೆಯ ವೈದ್ಯರಿಗೆ ಮೂತ್ರದ ವಿಷಯದಲ್ಲಿ ಸಂಕೋಚವಿರಲಿಲ್ಲ. ಬಣ್ಣ, ವಾಸನೆ ನೋಡಿ, ಸಕ್ಕರೆ ಕಾಯಿಲೆಯೂ ಸೇರಿದ ಪ್ರಮೇಹದಲ್ಲಿ 20 ಬಗೆ ಎಣಿಸಿದರು. ಆದರೆ ಕಾರಣ ಹುಡುಕಿದ್ದು ಮೂತ್ರಕೋಶದಲ್ಲಲ್ಲ. ಕೂತಲ್ಲೇ ಕೂರುವ ಸುಖ, ನಿದ್ದೆಯ ಸುಖ, ಮೊಸರು, ಹೊಸ ಅಕ್ಕಿ, ಬೆಲ್ಲದ ತಿಂಡಿ ಎಂದು ಚರಕಸಂಹಿತೆ ಹೇಳುತ್ತದೆ. 1908ರಲ್ಲಿ ಶುರುವಾದ ಮೈಸೂರಿನ ಆಯುರ್ವೇದ ಕಾಲೇಜಿನ ಮಕ್ಕಳು ಇಂದಿಗೂ ಇದನ್ನು ಓದುತ್ತಾರೆ.

ಅದೇ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗ್ಗೆ ನಡೆಯುವವರು "ನಂದು ಫಾಸ್ಟಿಂಗ್ 140" ಎಂದು ಜೋರಾಗಿಯೇ ಹೇಳಿಕೊಳ್ಳುತ್ತಾರೆ. ರಾತ್ರಿ ಮೂರು ಸಲ ಎದ್ದದ್ದನ್ನು ಮಾತ್ರ ಯಾರೂ ಹೇಳುವುದಿಲ್ಲ. ಮನೆಯವರು ಕೇಳಿದರೆ "ವಯಸ್ಸಾಯ್ತಲ್ಲ" ಅನ್ನುತ್ತಾರೆ. ವಯಸ್ಸೂ ಇರಬಹುದು, ಪ್ರಾಸ್ಟೇಟೂ ಇರಬಹುದು. ಆದರೆ ಸಕ್ಕರೆಯೂ ಇರಬಹುದು. ಮೂತ್ರಪಿಂಡ ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಸಕ್ಕರೆಯ ಕಣವನ್ನೂ ಬಿಡದೆ ರಕ್ತಕ್ಕೆ ಮರಳಿಸುವ ಜಿಪುಣ. ರಕ್ತದ ಸಕ್ಕರೆ 180 ದಾಟಿತೆಂದರೆ ಅದರ ಕೈ ಸೋಲುತ್ತದೆ. ಚೆಲ್ಲಿಹೋದ ಸಕ್ಕರೆ ತನ್ನ ಜೊತೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಗೊರಕೆಯಲ್ಲಿ ಉಸಿರು ಕಟ್ಟುವವರಲ್ಲಿ ಹೃದಯವೇ ಒಂದು ಹಾರ್ಮೋನು ಬಿಟ್ಟು ಮೂತ್ರ ಹೆಚ್ಚಿಸುತ್ತದೆ. ವರ್ಷಗಟ್ಟಲೆ ಶುಗರ್ ಇದ್ದವರ ನರ ಜಡವಾಗಿ, ಮೂತ್ರಕೋಶ ತುಂಬಿದ್ದೇ ಗೊತ್ತಾಗದಿರಬಹುದು. ಹೊಟ್ಟೆ, ಉಸಿರು, ನರ, ನಿದ್ದೆ ಎಂಬ ವಿಭಾಗಗಳೆಲ್ಲ ಆಸ್ಪತ್ರೆಯ ಬೋರ್ಡಿನವು. ದೇಹಕ್ಕೆ ಅವು ಗೊತ್ತಿಲ್ಲ.

ಚರಕಸಂಹಿತೆ ಹೇಳಿತೆಂದು ತಿಂದವರದೇ ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ನಮ್ಮ ಮಿಷನ್ ಆಸ್ಪತ್ರೆಯಲ್ಲಿ, ಅಂದರೆ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. 1990ರ ದಶಕದಲ್ಲಿ ಸಂಶೋಧಕರು ಆ ಶಿಶುಗಳನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಗಿಡ್ಡಗೆ, ಗುಂಡಗೆ ಇದ್ದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಸಕ್ಕರೆ ಕಾಯಿಲೆ ಜಾಸ್ತಿಯಿತ್ತು. ಯಾವಾಗಲೋ ಬಸಿರಿನಲ್ಲೇ ಶುರುವಾದ ಲೆಕ್ಕಕ್ಕೆ ಯಾರನ್ನು ದೂರುವುದು?

ಹೆಂಗಸರ ಪಾಡು ಇನ್ನೂ ಕಷ್ಟ. ನಮ್ಮ ಸೋದರತ್ತೆ ಊರಿಗೆ ಹೊರಟ ದಿನ ಬೆಳಗಿನ ಕಾಫಿಯನ್ನೂ ಮುಟ್ಟುತ್ತಿರಲಿಲ್ಲ. ಕೆಮ್ಮಿದರೆ ಎಲ್ಲಿ ಸೋರೀತೋ ಎಂಬ ಭಯ. ಬ್ಯಾಗಿನ ತಳದಲ್ಲಿ ಮಡಿಸಿಟ್ಟ ಹಳೇ ಸೀರೆಯ ತುಂಡುಗಳು. ಮೈತೂಕ ನೂರಕ್ಕೆ ಎಂಟರಷ್ಟು ಇಳಿಸಿಕೊಂಡ ಹೆಂಗಸರಲ್ಲಿ ಈ ಸೋರಿಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದದ್ದನ್ನು ಅಮೆರಿಕದ ಒಂದು ಅಧ್ಯಯನ 2009ರಲ್ಲೇ ಪ್ರಕಟಿಸಿತ್ತು. ಅತ್ತೆ ಶುಗರ್ ತೋರಿಸಿಕೊಳ್ಳಲು ತಿಂಗಳು ತಿಂಗಳು ಡಾಕ್ಟರ ಹತ್ತಿರ ಹೋಗುತ್ತಿದ್ದರು. ಸೋರುವ ಮಾತನ್ನು ಅವರೂ ಎತ್ತಲಿಲ್ಲ, ಡಾಕ್ಟರೂ ಕೇಳಲಿಲ್ಲ.